ಹಳದಿ ದಾರದ ಸೀಸೆ

ಫೆಬ್ರವರಿ ೧೧

ಅಕ್ಕಾ,

ಮೊದಲು ಸೀಸೆಗಳ ಮಾತು, ಆಮೇಲೆ ನನ್ನ ಮಾತು. ಹತ್ತಿ ತುಂಬಿದ ಈ ಪೆಟ್ಟಿಗೆಯಲ್ಲಿ ಮೂರು ಪುಟ್ಟ ಸೀಸೆಗಳಿವೆ. ಒಂದರ ಕುತ್ತಿಗೆಗೆ ಕೆಂಪು ದಾರ, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ. ಮೂರರಲ್ಲೂ ಇರುವುದು ಮರುಗದ ಎಣ್ಣೆಯೇ. ಯಾವುದು ಹೇಗೆ ಬಂತೆಂದು ಬೇಕೆಂದೇ ಬರೆದಿಲ್ಲ. ನೀನು ಮೂಸು, ನಿನ್ನ ಮೂಗು ಏನು ಹೇಳಿತೋ ಹಾಗೇ ಬರೆ. ಪಾಪ, ತಂಗಿ ಮಾಡಿದ್ದು ಎಂದು ಹೊಗಳಬೇಡ. ತಂಗಿ ಮಾಡಿದ್ದು ಎಂದು ಬೈಯಲೂಬೇಡ. ಎರಡನೆಯದು ನಿನಗೆ ಕಷ್ಟ ಎಂದು ಗೊತ್ತು.

ಈಗ ನನ್ನ ಮಾತು. ನಮ್ಮ ಪ್ರಯೋಗಾಲಯ ನೆಲಮಾಳಿಗೆಯಲ್ಲಿದೆ. ಸೂರಿಗೆ ಅಂಟಿಕೊಂಡು ಒಂದೇ ಒಂದು ಕಿಟಕಿ. ಅದರಲ್ಲಿ ಬೀದಿಯ ಜನರ ಕಾಲುಗಳಷ್ಟೇ ಕಾಣುತ್ತವೆ. ದಿನವಿಡೀ ಮುಖವಿಲ್ಲದ ಬೂಟುಗಳು, ಚಪ್ಪಲಿಗಳು, ಒಮ್ಮೊಮ್ಮೆ ಒಂದು ನಾಯಿಯ ಪೂರ್ತಿ ಮೈ. ಗೋಡೆಗೆ ಹಸಿರು ಬಣ್ಣ ಬಳಿದಿರುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನಡಿಯಲ್ಲಿ ಕುಳಿತಂತಾಗುತ್ತದೆ.

ಈ ನೀರಿನಡಿಯಲ್ಲೇ ಹೋದ ವಾರ ನಾವು ಗೆದ್ದೆವು. ಯಂತ್ರ ನೋಡಿದರೆ ನೀನು ನಗುತ್ತೀಯ. ಅಡುಗೆಮನೆಯ ಮೈಕ್ರೋವೇವ್ ಒಲೆಯ ದೊಡ್ಡಣ್ಣ, ಅಷ್ಟೆ. ಒಳಗೆ ಒಂದು ಗಾಜಿನ ಪಾತ್ರೆ, ಅದರಲ್ಲಿ ಆಗತಾನೇ ಕೊಯ್ದ ಮರುಗ. ನೀನು ಕೊಟ್ಟ ಸಸಿಗಳೇ, ಇಲ್ಲಿಯ ಮಹಡಿಯ ಮೇಲೆ ಪೊದೆಯಾಗಿವೆ. ಅದಕ್ಕೆ ನೀರು ಹಾಕುವುದಿಲ್ಲ, ಬೆಂಕಿ ಇಲ್ಲ, ಯಾವ ಮದ್ದೂ ಇಲ್ಲ. ಎಲೆಯೊಳಗಿನ ನೀರೇ ಬಿಸಿಯಾಗಿ, ಎಣ್ಣೆಯ ಪುಟ್ಟ ಚೀಲಗಳನ್ನು ಒಡೆದು, ಎಣ್ಣೆಯನ್ನು ಹೊತ್ತುಕೊಂಡು ತೊಟ್ಟುತೊಟ್ಟಾಗಿ ಕೆಳಗಿಳಿಯುತ್ತದೆ. ನಿನ್ನ ತಾಮ್ರದ ಹಂಡೆ ಅರ್ಧ ದಿನ ಕುದಿದು ಕೊಡುವುದನ್ನು ಇದು ಒಂದು ಲೋಟ ಚಹಾ ಆರುವಷ್ಟರಲ್ಲಿ ಕೊಡುತ್ತದೆ. ಇದಕ್ಕೆ ಮೊದಲು ಪೆಟ್ರೋಲಿನ ದಾಯಾದಿಯಂಥ ಒಂದು ದ್ರಾವಕದಲ್ಲಿ ಸೊಪ್ಪು ನೆನೆಸಿ ನೆನೆಸಿ ತಲೆನೋವನ್ನೇ ಸಂಬಳವಾಗಿ ಪಡೆಯುತ್ತಿದ್ದೆ. ಅದನ್ನೆಲ್ಲ ಕೈಬಿಟ್ಟಿದ್ದೇವೆ.

ನೀನೇ ಬರೆದಿದ್ದೆ: ಹೊರಗಿನ ಸೌದೆ ನಿಂತುಹೋಗಿದೆ, ಬರುವ ವರ್ಷ ಒಲೆ ಹೊತ್ತಬೇಕಾದರೆ ಅಪ್ಪ ನೆಟ್ಟ ತೋಪಿಗೆ ಕೊಡಲಿ ಹಾಕಬೇಕು, ತೋಪು ಹೋದರೆ ಅದರಡಿಯ ಒರತೆಯೂ ಹೋಗುತ್ತದೆ, ಇಲ್ಲದಿದ್ದರೆ ಭಟ್ಟಿಮನೆಗೆ ಬೀಗ. ಬೀಗವೂ ಬೇಡ, ಕೊಡಲಿಯೂ ಬೇಡ ಅಕ್ಕಾ. ಚಾವಣಿಯ ಮೇಲೆ ಸೋಲಾರ್ ಹಾಕಿಸಿದರೆ ಈ ಯಂತ್ರ ನಮ್ಮನೆಯಲ್ಲೇ ಓಡುತ್ತದೆ. ಆದರೆ ನಮ್ಮ ಎಣ್ಣೆ ಕೊಳ್ಳುವ ಅತ್ತರಿನ ಯಜಮಾನರು ಒಪ್ಪಬೇಕಲ್ಲ. ಅವರನ್ನು ಕೇಳಿದೆ. "ಮರುಗದ ವಿಷಯದಲ್ಲಿ ನಿಮ್ಮಕ್ಕನ ಮೂಗೇ ನನ್ನ ಮೂಗು. ಅವರು ಹೂಂ ಅಂದ್ರೆ ನಾನೂ ಹೂಂ. ಊಹೂಂ ಅಂದ್ರೆ ಅಲ್ಲಿಗೆ ಮುಗೀತು" ಅಂದರು.

ಹೀಗಾಗಿ ಎಲ್ಲ ನಿನ್ನ ಮೂಗಿನ ಮೇಲೆ ನಿಂತಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತೇನೆ.

ನಿನ್ನ ಮೆಣಸಿನಕಾಯಿ


ಫೆಬ್ರವರಿ ೨೭

ಮೆಣಸಿನಕಾಯೀ,

ಪೆಟ್ಟಿಗೆ ಬಂತು. ಒಂದು ಸೀಸೆಯೂ ಒಡೆದಿಲ್ಲ. ಮೂವರನ್ನೂ ಕಿಟಕಿಯ ಪಕ್ಕದ ಗೂಡಿನಲ್ಲಿ ಕೂರಿಸಿದ್ದೇನೆ. ಬೆಳಗಿನ ಬಿಸಿಲು ಬಿದ್ದಾಗ ಗೋಡೆಯ ಮೇಲೆ ಮೂರು ತಿಳಿಹಳದಿ ಮಚ್ಚೆಗಳು ಅಲ್ಲಾಡುತ್ತವೆ. ಇನ್ನೂ ತೆರೆದಿಲ್ಲ. ಚಳಿಗಾಲದ ನೆಗಡಿ ಇನ್ನೂ ಬಿಟ್ಟಿಲ್ಲ. ಕಟ್ಟಿದ ಮೂಗಿನಲ್ಲಿ ಮೂಸುವುದು ಎಣ್ಣೆಗೆ ಮಾಡುವ ಅವಮಾನ ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು.

ಬೆಳಗಿನ ಜಾವ ಒಂದು ಕನಸು ಬಿತ್ತು. ನಮ್ಮ ಭಟ್ಟಿಮನೆ ಕೆರೆಯ ಮೇಲೆ ತೇಲುತ್ತಿತ್ತು. ಗೋಡೆಗಳಿರಲಿಲ್ಲ, ಹಂಡೆ ಮಾತ್ರ ಇತ್ತು. ಹಂಡೆಯ ಸುತ್ತ ನೀರಿನ ಮೇಲೇ ಮರುಗ ಬೆಳೆದಿತ್ತು. ಅಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಸೊಪ್ಪು ಕೊಯ್ಯುತ್ತಿದ್ದಳು. ಎಂಥ ವಾಸನೆ ಅಂತೀಯ! ಮೊದಲು ಒದ್ದೆ ತಾಮ್ರದ್ದು. ಆಮೇಲೆ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಬರುವ ಆ ಹಸಿ ಸಿಹಿ, ಅದರ ಹಿಂದೆಯೇ ಸ್ವಲ್ಪ ಖಾರ. ಕೊನೆಗೆ ಅಮ್ಮನ ಕೂದಲು, ಬಿಸಿಲಿಗೆ ಒಣಗಿದ್ದು. ಎಚ್ಚರವಾಗಿದೆ ಎಂದು ಗೊತ್ತಾದ ಮೇಲೂ ಕಣ್ಣು ತೆರೆಯಲಿಲ್ಲ. ತೆರೆದರೆ ಹೋಗಿಬಿಡುತ್ತದೆ ಅನ್ನಿಸಿತು. ಹೋಯಿತು ಕೂಡ.

ತೋಪಿನಲ್ಲಿ ಹೊಸ ಚಿಗುರು ಬಂದಿದೆ. ಒರತೆಯ ನೀರು ಹೋದ ವರ್ಷಕ್ಕಿಂತ ತೆಳ್ಳಗಾಗಿದೆ, ಆದರೂ ಕೊಳವೆ ತಣಿಸುವ ತೊಟ್ಟಿ ಇನ್ನೂ ತುಂಬುತ್ತದೆ. ನೀನು ಊಟ ಸರಿಯಾಗಿ ಮಾಡು. ನಾಯಿಯ ಪೂರ್ತಿ ಮೈ ಕಂಡ ದಿನ ನನಗೂ ಬರೆ.

ಅಕ್ಕ


ಮಾರ್ಚ್ ೮

ಅಕ್ಕಾ,

ಯಾವ ನೆಗಡಿ ಇಷ್ಟು ದಿನ ಇರುತ್ತದೆ? ಬಿಸಿನೀರಿನ ಹಬೆ ತಗೋ. ಹಬೆಗೇನು ಬರವೇ ನಿನಗೆ, ಇಡೀ ಭಟ್ಟಿಮನೆ ಇದೆ.

ನಿನ್ನ ಕನಸು ಓದಿ ಒಂದು ಕ್ಷಣ ಅಳು ಬಂತು, ಮರುಕ್ಷಣ ಸಿಟ್ಟು ಬಂತು. ನನಗೆ ಅರ್ಥವಾಗುತ್ತದೆ. ನಿನಗೆ ಹಂಡೆ ಬಿಡಲು ಮನಸ್ಸಿಲ್ಲ. ಗೋಡೆ ಬಿದ್ದುಹೋದರೂ ಹಂಡೆ ಉಳಿಯಬೇಕು, ಕನಸಿನಲ್ಲೂ! ಅದನ್ನು ನೇರವಾಗಿ ಹೇಳುವ ಬದಲು ನೆಗಡಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೀಯ. ಹಂಡೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ ಅಕ್ಕಾ. ಉಜ್ಜಿ ಹೊಳೆಸಿ ಅಂಗಳದಲ್ಲಿ ಇಟ್ಟುಕೋ, ಗಿಡ ನೆಡು, ಬೇಕಾದರೆ ಅದರಲ್ಲೇ ಮಲಗು.

ಅತ್ತರಿನ ಯಜಮಾನರು ಮೊನ್ನೆ ಅಂಗಡಿಗೆ ಕರೆಸಿ ನಿನ್ನ ಉತ್ತರ ಏನಾಯಿತೆಂದು ಕೇಳಿದರು. ಏನೋ ಒಂದು ಹೇಳಿ ಬಂದೆ. ಬೇಗ ಬರೆ.

ಮೆಣಸಿನಕಾಯಿ


ಮಾರ್ಚ್ ೨೪

ಮೆಣಸಿನಕಾಯೀ,

ಹಂಡೆಯಲ್ಲಿ ಮಲಗುವ ಸಲಹೆಗೆ ಧನ್ಯವಾದ. ಈಗ ಮಲಗುವ ಹಾಗಿಲ್ಲ, ತಳ ಹಿಡಿದಿದೆ.

ಆದದ್ದು ಇಷ್ಟು. ಮೊದಲ ಕೊಯ್ಲಿನ ಸೊಪ್ಪು ಒಳ್ಳೆಯದಿತ್ತು. ಹಂಡೆಗೆ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ಒಲೆ ಹೊತ್ತಿಸಿ, ಪಕ್ಕದಲ್ಲೇ ಹರಿದ ಗೋಣಿ ಹೊಲಿಯುತ್ತ ಕುಳಿತಿದ್ದೆ. ಕೊಳವೆಯ ತುದಿಯಲ್ಲಿ ಹನಿ ಬೀಳುವ ಸದ್ದು ಹಿತವಾಗಿತ್ತು. ಮನಸ್ಸು ಎಲ್ಲೋ ಹೋಯಿತು. ಹಂಡೆಯ ನೀರು ಬತ್ತಿದ್ದು ಗೊತ್ತಾಗಲಿಲ್ಲ. ಗುಬ್ಬಜ್ಜಿ ನೆನಪಿದ್ದಾಳಲ್ಲ, ಸೊಪ್ಪು ಕೊಯ್ಯುವವರಲ್ಲೆಲ್ಲ ವಯಸ್ಸಿನಲ್ಲಿ ಹಿರಿಯಳು, ಗಾತ್ರದಲ್ಲಿ ಕಿರಿಯಳು? ಅವಳು ಹೊಲದಿಂದ ಓಡಿ ಬಂದಳು. "ತಾಯೀ, ಸುಡ್ತಾ ಇದೆ! ಸೀದ ವಾಸನೆ ಆ ಬದುವಿನವರೆಗೂ ಬಂತು. ಮೂಗಿನ ಕೆಳಗೇ ಸುಡ್ತಾ ಇದ್ರೂ ಅದೇನ್ ಕನಸು ಕಾಣ್ತಾ ಕೂತಿದೀರಿ?" ಅಂತ ಕೂಗಿದಳು. ಇಬ್ಬರೂ ಸೇರಿ ಬೆಂಕಿ ಎಳೆದೆವು. ಆ ಎಣ್ಣೆಯನ್ನೆಲ್ಲ ಮಣ್ಣಿಗೆ ಚೆಲ್ಲಿದೆ. ಗುಬ್ಬಜ್ಜಿ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದಳು. ನಾನೂ ಹಿಡಿದೆ.

ಏನಿಲ್ಲ, ಸ್ವಲ್ಪ ಮೈಮರೆತೆ. ಇತ್ತೀಚೆಗೆ ಹಗಲಿನಲ್ಲೇ ಕನಸಿಗೆ ಜಾರುತ್ತೇನೆ. ಮೊನ್ನೆಯ ಕನಸಿನಲ್ಲಿ ಒಂದು ಉದ್ದನೆಯ ಬೀದಿ, ಮನೆ ಮನೆಯ ಬಾಗಿಲೂ ತೆರೆದಿತ್ತು, ಒಂದೊಂದು ಬಾಗಿಲಿನಿಂದ ಒಂದೊಂದು ವಾಸನೆ. ಹೊಸ ಸುಣ್ಣ, ಮಗುವಿನ ತಲೆ, ಸುಟ್ಟ ಸಕ್ಕರೆ, ಒದ್ದೆ ಉಣ್ಣೆ. ನಾನು ಬೀದಿ ಮುಗಿಯಬಾರದೆಂದು ನಿಧಾನ ನಡೆಯುತ್ತಿದ್ದೆ.

ಸೀಸೆಗಳನ್ನು ತೆರೆದೆ. ಯೋಚಿಸುತ್ತಿದ್ದೇನೆ. ಒಂದೊಂದರಲ್ಲಿ ಒಂದೊಂದು ಗುಣ ಇರುತ್ತದೆ, ಅವಸರ ಮಾಡಿ ಹೇಳುವ ಮಾತಲ್ಲ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಯಾವಾಗ ಕಲಿತೆ? ಮೊದಲೆಲ್ಲ ಬಾಗಿಲಲ್ಲಿ ನಿಂತೇ "ಇವತ್ತು ಸೊಪ್ಪು ಒಂದು ದಿನ ಹಳೇದು" ಅನ್ನುತ್ತಿದ್ದವಳು ನೀನು. ನಾನು ಸ್ಕೂಲಿನಿಂದ ಬಂದರೆ, ಯಾರ ಡಬ್ಬಿ ತಿಂದು ಬಂದಿದ್ದೇನೆಂದು ಅಂಗಳದಿಂದಲೇ ಹೇಳುತ್ತಿದ್ದೆ. ಮೂರು ಸೀಸೆಗೆ ಎಷ್ಟು ತಿಂಗಳು ಬೇಕು?

ಮೊದಲ ಕೊಯ್ಲು ಮುಗಿಯುತ್ತಾ ಬಂತು. ನೀನು ಹೇಳದಿದ್ದರೆ ಯಂತ್ರ ಬೇರೆ ಕಡೆ ಹೋಗುತ್ತದೆ, ಮಳೆ ಮುಗಿದ ಮೇಲೆ ನೀನೇ ಕೊಡಲಿಯವರನ್ನು ಕರೆಯುತ್ತೀಯ. ಆಮೇಲೆ ಬೋಳು ಗುಡ್ಡದ ಕೆಳಗೆ ಕುಳಿತು ಕನಸು ಕಾಣು. ಕೆಂಪು, ನೀಲಿ, ಹಳದಿ. ಹೂಂ ಅಥವಾ ಊಹೂಂ. ಅಷ್ಟೇ ಬರೆ.

ಮೆ.


ಏಪ್ರಿಲ್ ೧೩

ಮೆಣಸಿನಕಾಯೀ,

ಕೇಳಿದೆಯಲ್ಲ, ತಗೋ.

ಕೆಂಪು: ಊಹೂಂ. ತುಂಬ ಹಸಿ, ಎಳೆ ಹುಲ್ಲು ಜಗಿದ ಹಾಗೆ. ನೀಲಿ: ಊಹೂಂ. ಅದಕ್ಕೆ ಆಳವಿಲ್ಲ, ಬಂತು ಅನ್ನುವಷ್ಟರಲ್ಲಿ ಹೋಗುತ್ತದೆ. ಹಳದಿಯಂತೂ ಬೇಡವೇ ಬೇಡ. ಅದು ಬರೀ ಯಂತ್ರದ ಎಣ್ಣೆ. ಅದರಲ್ಲಿ ಜೀವವಿಲ್ಲ, ಕೈಯಿಲ್ಲ, ಸೊಪ್ಪು ಕೊಯ್ದವರ ಬೆವರಿಲ್ಲ. ಯಜಮಾನರ ಮುಂದೆ ಇಡಲು ನನಗೆ ನಾಚಿಕೆಯಾಗುತ್ತದೆ.

ನೀನು ಕಷ್ಟಪಟ್ಟಿದ್ದೀಯ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಕಿ ಕೊಡುವುದನ್ನು ಬೆಂಕಿಯೇ ಕೊಡಬೇಕು. ತೋಪಿನ ವಿಷಯ ನಾನು ನೋಡಿಕೊಳ್ಳುತ್ತೇನೆ. ಪೂರ್ತಿ ಕಡಿಸುವುದಿಲ್ಲ, ಅಂಚಿನವು ನಾಲ್ಕು ಮರ ತೆಗೆದರೆ ಒಂದು ವರ್ಷ ನಡೆಯುತ್ತದೆ.

ಸಿಟ್ಟು ಮಾಡಿಕೊಳ್ಳಬೇಡ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಹಳದಿ ದಾರದ್ದು ನಿನ್ನ ಎಣ್ಣೆ.

ಹೌದು, ನಿನ್ನದೇ. ಹೋದ ವರ್ಷ ನಿನ್ನ ಹಂಡೆಯಲ್ಲಿ, ನಿನ್ನ ಬೆಂಕಿಯಲ್ಲಿ, ನೀನೇ ನಿಂತು ಇಳಿಸಿ ನನಗೆ ಕೊಟ್ಟದ್ದು. ಹೋಲಿಸಿ ನೋಡಲು ಒಂದು ಹಳೆಯದೂ ಇರಲಿ ಎಂದು ಸೇರಿಸಿದ್ದೆ. ನಮ್ಮಲ್ಲಿ ಹಾಗೇ ಮಾಡುವುದು. ನಿನ್ನದನ್ನು ನೀನು ಗುರುತಿಸಿ ನನ್ನ ಕಿವಿ ಹಿಂಡಿ ಬರೆಯುತ್ತೀಯ, ಇಬ್ಬರೂ ನಗುತ್ತೇವೆ ಅಂದುಕೊಂಡಿದ್ದೆ. ನೀನು ಅದಕ್ಕೇ ಜೀವವಿಲ್ಲ ಅಂದೆ! ಕೊಯ್ದವರ ಬೆವರಿಲ್ಲವಂತೆ! ಗುಬ್ಬಜ್ಜಿಗೆ ಓದಿ ಹೇಳು ಹೋಗು.

ನೀನು ಮುಚ್ಚಳವನ್ನೇ ತೆರೆದಿಲ್ಲ. ಗೂಡಿನಲ್ಲಿ ಇಟ್ಟು ಬಿಸಿಲಿನ ಮಚ್ಚೆ ನೋಡುತ್ತ ಕುಳಿತು, ಮನಸ್ಸಿಗೆ ಬಂದದ್ದು ಗೀಚಿದ್ದೀಯ. ಎರಡು ವರ್ಷ ನೆಲಮಾಳಿಗೆಯಲ್ಲಿ ಕಣ್ಣು ಸವೆಸಿದ್ದು ಯಾರಿಗಾಗಿ? ಬೇಡ ಅನ್ನುವ ಹಕ್ಕು ನಿನಗಿತ್ತು. ಮೂಸದೇ ಬೇಡ ಅನ್ನುವ ಹಕ್ಕು ಇರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಹೇಗೂ ಮುಖಕ್ಕೆ ಮಸಿ ಬಿದ್ದಾಗಿದೆ. ಯಜಮಾನರಿಗೆ ಮಾರ್ಚಿನಲ್ಲೇ ಹೇಳಿದ್ದೇನೆ, ಅಕ್ಕ ಹೂಂ ಅಂದಿದ್ದಾಳೆ ಅಂತ. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು. ಆ ಮಾತಿನ ಮೇಲೆ ನಮ್ಮ ಪ್ರಯೋಗಾಲಯದ ಮೇಡಂ ಚಿಕ್ಕ ಯಂತ್ರವೊಂದನ್ನು ಒಂದು ಕೊಯ್ಲಿನ ಮಟ್ಟಿಗೆ ನಿನಗೆ ಕೊಡಲು ಒಪ್ಪಿದರು, ಸೋಲಾರಿನವರೂ ಹೊರಟಾಗಿದೆ. ಈ ವಾರ ಲಾರಿಗೆ ಹಾಕುತ್ತಾರೆ. ಬಂದರೆ ಬೀದಿಯಲ್ಲೇ ಬಿಡು.

ಸಹಿ ಹಾಕುವುದಿಲ್ಲ.


ಮೇ ೧

ಮೆಣಸಿನಕಾಯೀ,

ಮುಚ್ಚಳ ತೆರೆದಿದ್ದೆ. ಮೂರನ್ನೂ ಎಷ್ಟೋ ಸಲ ತೆರೆದೆ. ಹಳದಿಯದನ್ನು ಮಣಿಕಟ್ಟಿಗೆ ಸುರಿದುಕೊಂಡು, ಮೂಗನ್ನು ಅದರಲ್ಲೇ ಹೂತೆ. ಏನೂ ಬರಲಿಲ್ಲ. ಬಿಸಿಯಾಗಿ ಒಂದು ಚುರುಕು, ಅಷ್ಟೆ.

ನನಗೆ ವಾಸನೆ ಹೋಗಿದೆ. ಚಳಿಗಾಲದಲ್ಲಿ ಜ್ವರ ಬಂದಿತ್ತೆಂದು ನಿನಗೆ ಬರೆಯಲಿಲ್ಲ. ಜ್ವರ ಬಿಟ್ಟ ಬೆಳಿಗ್ಗೆ ಚಹಾ ಕುಡಿದರೆ ಬರೀ ಬಿಸಿನೀರು. ಸೋಪು ಮೂಸಿದೆ. ಬೆಳ್ಳುಳ್ಳಿ ಜಜ್ಜಿದೆ. ಸೀಮೆಎಣ್ಣೆಯ ಡಬ್ಬ ತೆರೆದು ಮುಖ ಇಟ್ಟೆ. ಕೊನೆಗೆ ಹೊಲಕ್ಕೆ ಹೋಗಿ ಮರುಗದ ನಡುವೆ ಮಲಗಿದೆ. ಹಸಿರು ಕಾಣುತ್ತಿತ್ತು, ಜೇನುಹುಳುಗಳ ಸದ್ದಿತ್ತು, ಮರುಗ ಮಾತ್ರ ಇರಲಿಲ್ಲ. ಬಾಗಿಲು ಹಾಕಿದ ಮನೆಯನ್ನು ಗಾಜಿನಾಚೆಯಿಂದ ನೋಡಿದ ಹಾಗಿತ್ತು. ಈಗ ವಾಸನೆ ಬರುವುದು ಕನಸಿನಲ್ಲಿ ಮಾತ್ರ. ಅದಕ್ಕೇ ಅಷ್ಟು ನಿದ್ದೆ ಮಾಡುತ್ತೇನೆ.

ಯಾಕೆ ಊಹೂಂ ಅಂದೆ ಅಂತ ಕೇಳುತ್ತೀಯ. ಹಂಡೆ ನನ್ನ ಕೈಗೆ ಗೊತ್ತು. ಹನಿಯ ಸದ್ದು, ನೀರಿನ ಮಬ್ಬು ನೋಡಿ ಇಳಿಸಿಬಿಡುತ್ತೇನೆ. ಆ ಸೀದ ಹಂಡೆಯ ನಂತರದ್ದನ್ನೆಲ್ಲ ಹಾಗೇ ಇಳಿಸಿ ಯಜಮಾನರಿಗೆ ಕಳಿಸಿದ್ದೇನೆ. ಹಳೆಯ ದಾರಿಯಲ್ಲಿ ಕಣ್ಣು ಮುಚ್ಚಿ ನಡೆದರೆ ಯಾರಿಗೂ ತಿಳಿಯುವುದಿಲ್ಲ. ನಿನ್ನ ಯಂತ್ರ ಹೊಸದು. ಅದರ ಮುಂದೆ ನಿಂತು, ಮೂಸಿ, ಎಲ್ಲಿಗೆ ನಿಲ್ಲಿಸಬೇಕೆಂದು ಹೇಳುವವರು ಬೇಕು. ಅಲ್ಲಿ ನನ್ನ ಗುಟ್ಟು ಬಯಲಾಗುತ್ತಿತ್ತು. ತೋಪು ಹೋದರೂ ಪರವಾಗಿಲ್ಲ, ನನ್ನ ಮಾನ ಉಳಿಯಲಿ ಅನ್ನಿಸಿತು. ಅಪ್ಪ ನೆಟ್ಟ ಮರಕ್ಕಿಂತ ನನ್ನ ಮೂಗು ನನಗೆ ದೊಡ್ಡದಾಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತಿದೆ. ಹೆದರಿಕೆಯೂ ಆಗುತ್ತಿದೆ, ಮೂಗಿಲ್ಲದ ಮೇಲೆ ನಾನು ಈ ಮನೆಯಲ್ಲಿ ಏನು?

ಯಂತ್ರ ಬಂದಿದೆ. ಬೀದಿಯಲ್ಲಿ ಬಿಡಲಿಲ್ಲ, ಒಳಗೆ ತಂದು ಕಂಬಳಿ ಹೊದಿಸಿದ್ದೇನೆ. ನೀನು ಹೊರಟು ಬರುತ್ತೇನೆ ಅನ್ನುತ್ತೀಯ, ಗೊತ್ತು. ಬರಬೇಡ. ಬಂದರೆ ನೀನು ಮೂಸುತ್ತೀಯ, ನಾನು ನಿನ್ನ ಬೆನ್ನ ಹಿಂದೆ ನಿಂತುಬಿಡುತ್ತೇನೆ.

ಅಕ್ಕ


ಮೇ ೯

ಅಕ್ಕಾ,

ನನ್ನ ಹೋದ ಪತ್ರವನ್ನು ಹರಿದು ಒಲೆಗೆ ಹಾಕು. ಓದಿದ್ದನ್ನು ಹೊಟ್ಟೆಗೆ ಹಾಕಿಕೋ. ಇದಕ್ಕಿಂತ ಹೆಚ್ಚು ಕ್ಷಮೆ ಕೇಳಲು ಬರುವುದಿಲ್ಲ, ಅಳು ಬರುತ್ತದೆ, ಶಾಯಿ ಹರಡುತ್ತದೆ.

ಸೀದ ವಾಸನೆಯ ಸಂಗತಿ ಓದಿ ನಾನು ನಕ್ಕಿದ್ದೆ. ಪಕ್ಕದ ಮೇಜಿನವಳಿಗೂ ಓದಿ ಹೇಳಿ ನಗಿಸಿದ್ದೆ. ನೀನು ಬಟ್ಟೆ ಹಿಡಿದುಕೊಂಡು ನಿಂತದ್ದನ್ನು ನೆನೆದರೆ ಆ ಪತ್ರವನ್ನು ಮತ್ತೆ ಓದಲಾಗುವುದಿಲ್ಲ. ಇಲ್ಲಿ ಕಿವಿ, ಮೂಗಿನ ವೈದ್ಯರೊಬ್ಬರನ್ನು ಕೇಳಿದೆ. ಜ್ವರದ ನಂತರ ಹೀಗಾಗುವುದುಂಟಂತೆ. ಕೆಲವರಿಗೆ ಮರಳುತ್ತದೆ, ಕೆಲವರಿಗೆ ಇಲ್ಲ. ದಿನಾ ಗೊತ್ತಿರುವ ವಾಸನೆಗಳನ್ನು ಮೂಸುತ್ತಾ ಇರಬೇಕು, ಬರದಿದ್ದರೂ. ನಿನಗೆ ಸುಳ್ಳು ಭರವಸೆ ಕೊಡುವುದಿಲ್ಲ.

ಯಜಮಾನರ ಹತ್ತಿರ ಹೋಗಿ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಅಕ್ಕ ಹೂಂ ಅಂದಿರಲಿಲ್ಲ, ನಾನೇ ಅವಸರಪಟ್ಟೆ ಅಂದೆ. ಅವರು ಮೇಜಿನ ಮೇಲಿದ್ದ ಸೀಸೆಗಳಿಗೆಲ್ಲ ಒಂದೊಂದಾಗಿ ಮುಚ್ಚಳ ಹಾಕಿದರು. ಆಮೇಲೆ, "ಮೊದಲ ಎಣ್ಣೆ ಇಳಿಸೋ ದಿನ ನಾನೇ ಹೋಗ್ತೀನಿ. ಅವರು ಮೂಸಿ ನನ್ನೆದುರಿಗೇ ಹೇಳಲಿ" ಅಂದರು. ನಿನ್ನ ಮೂಗಿನ ವಿಷಯ ಹೇಳಲಿಲ್ಲ. ಅದು ನನ್ನ ಮಾತಲ್ಲ.

ಅಕ್ಕಾ, ಒಂದು ಮಾತು. ಎಣ್ಣೆ ಚೆನ್ನಾಗಿದೆ. ನನ್ನ ಮೇಲೆ ನಂಬಿಕೆ ಇಡು. ಅವರೆದುರು ಸೀಸೆ ಹಿಡಿದು, ಮೊದಲಿನ ಹಾಗೆ ಕಣ್ಣು ಮುಚ್ಚಿ, ಹೂಂ ಅಂದುಬಿಡು. ಯಾರಿಗೂ ತಿಳಿಯುವುದಿಲ್ಲ. ತೋಪು ಉಳಿಯುತ್ತದೆ, ನೀನೂ ಉಳಿಯುತ್ತೀಯ. ನಾನು ಸಾಯುವವರೆಗೂ ಬಾಯಿ ಬಿಡುವುದಿಲ್ಲ.

ನಿನ್ನ ಮೆಣಸಿನಕಾಯಿ


ಜೂನ್ ೩

ಮೆಣಸಿನಕಾಯೀ,

ನಿನ್ನೆ ಯಂತ್ರ ಓಡಿತು. ಎಲ್ಲವನ್ನೂ ಬರೆಯುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ಯಜಮಾನರು ಬೆಳಿಗ್ಗೆಯೇ ಬಂದರು. ಬಿಳಿ ಬಟ್ಟೆ, ಕೊಡೆ, ತಮ್ಮದೇ ಒಂದು ಕುರ್ಚಿ. ನಮ್ಮ ಮನೆಯ ಕುರ್ಚಿಗಳಲ್ಲಿ ಎಣ್ಣೆಯ ವಾಸನೆ ಇರುತ್ತದಂತೆ, ಮೂಸುವಾಗ ಅಡ್ಡ ಬರುತ್ತದಂತೆ. ಕೊಯ್ಯುವ ಹೆಂಗಸರೆಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ಗುಂಪಾಗಿದ್ದರು. ಗುಬ್ಬಜ್ಜಿ ಎಲ್ಲರ ಮೊಣಕೈಗಳ ಕೆಳಗೆ ನುಸುಳಿ ಮುಂದೆ ಬಂದು ನಿಂತಳು. ಸೊಪ್ಪು ತುಂಬಿದೆ. ನೀನು ಬರೆದುಕೊಟ್ಟಂತೆ ಗುಂಡಿ ಒತ್ತಿದೆ. ಜೇನುಗೂಡಿನಂಥ ಸಣ್ಣ ಗುಂಯ್ ಸದ್ದು, ಅಷ್ಟೆ. ಹೊಗೆಯಿಲ್ಲ, ಉರಿಯಿಲ್ಲ. ಭಟ್ಟಿಮನೆ ಇಷ್ಟು ತಣ್ಣಗೆ, ಇಷ್ಟು ಬೆಳಕಾಗಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಗಾಜಿನೊಳಗೆ ಎಲೆಗಳು ಮೆಲ್ಲಗೆ ಬೆವರಿದವು. ಕೆಳಗೆ ಹನಿ ಬಿತ್ತು.

ಮೊದಲ ಹನಿಗಳನ್ನು ಸೀಸೆಯಲ್ಲಿ ಹಿಡಿದು ಮೂಗಿನ ಬಳಿ ತಂದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಣ್ಣು ಮುಚ್ಚಿದೆ. ನೀನು ಹೇಳಿದ ಹೂಂ ನಾಲಗೆಯ ತುದಿಯಲ್ಲೇ ಇತ್ತು. ನಿನ್ನ ಎಣ್ಣೆಯ ಮೇಲೆ ನನಗೆ ನಂಬಿಕೆ ಇತ್ತು, ನಿಜವಾಗಿಯೂ ಇತ್ತು. ಆದರೆ ಇವತ್ತು ಅಂದರೆ ನಾಳೆಯೂ ಅನ್ನಬೇಕು, ನಾಡಿದ್ದೂ ಅನ್ನಬೇಕು. ಪ್ರತಿ ಕೊಯ್ಲಿಗೂ ಕಣ್ಣು ಮುಚ್ಚಿ ನಾಟಕ ಆಡಬೇಕು, ಎಂದೋ ಒಂದು ದಿನ ಮತ್ತೆ ಯಾವುದೋ ಸೀದು ಹೋಗುತ್ತದೆ.

ಕಣ್ಣು ತೆರೆದು ಹೇಳಿದೆ: "ಯಜಮಾನ್ರೇ, ನನಗೆ ವಾಸನೆ ಬರೋದಿಲ್ಲ. ಚಳಿಗಾಲದಿಂದ ಇಲ್ಲ."

ಯಂತ್ರ ಗುಂಯ್ ಅನ್ನುತ್ತಲೇ ಇತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಈ ವರ್ಷ ಕಳಿಸಿದ್ದೀರಲ್ಲ, ಆ ಎಣ್ಣೆ?" ಅಂದರು.

"ಕೈಯಂದಾಜಿನಲ್ಲಿ ಇಳಿಸಿದ್ದು. ತಪ್ಪಿದ್ರೆ ಹೇಳಿ."

"ತಪ್ಪಿತ್ತು. ಸ್ವಲ್ಪ ಸೀದಿತ್ತು. ನಿಮ್ಮ ಮೂಗು ದಾಟಿ ಬಂದಿದ್ದು ಸೀದಿರೋಕೆ ಸಾಧ್ಯ ಇಲ್ಲ ಅಂತ, ನನಗೇ ವಯಸ್ಸಾಯ್ತು ಅಂದ್ಕೊಂಡೆ. ಎರಡು ತಿಂಗಳಿಂದ ನನ್ನ ಮೂಗಿನ ಮೇಲೇ ಅನುಮಾನ ಪಡ್ತಾ ಇದೀನಿ, ತಾಯಿ."

ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ತಲೆ ತಗ್ಗಿಸಿದೆ. ಅಷ್ಟರಲ್ಲಿ ಎಣ್ಣೆ ಇಳಿಯುತ್ತಲೇ ಇತ್ತು. ಕೊನೆಯ ಹನಿಗಳು ಬೆರೆತರೆ ಎಲ್ಲ ಕೆಡುತ್ತದೆಂದು ನೀನೇ ಎಚ್ಚರಿಸಿದ್ದೀಯ. ನಿಲ್ಲಿಸುವುದು ಯಾವಾಗೆಂದು ನನಗೆ ಗೊತ್ತಿಲ್ಲ. ಬಾಗಿಲ ಕಡೆ ತಿರುಗಿ, "ಬನ್ರೇ ಒಳಗೆ. ಮೂಸಿ ಹೇಳಿ" ಅಂದೆ. ಇಷ್ಟು ವರ್ಷ ಸೊಪ್ಪು ಹೊತ್ತು ತಂದವರು, ಎಣ್ಣೆ ಇಳಿಯುವ ಜಾಗಕ್ಕೆ ಅವರನ್ನು ನಾವು ಕರೆದೇ ಇರಲಿಲ್ಲ ನೋಡು. ಅಪ್ಪನೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ಆಮೇಲೆ ಅಲ್ಲಿ ಸಂತೆಯಾಯಿತು. ಒಬ್ಬಳು ಚೆನ್ನಾಗಿದೆ ಅಂದಳು, ಇನ್ನೊಬ್ಬಳು ಸೀನಿದಳು. ಒಬ್ಬಳು ತನ್ನ ತವರಿನ ಕೋಣೆಯ ವಾಸನೆ ಅಂದಳು, ಪಕ್ಕದವಳು "ನಿಮ್ಮ ತವರಿನ ಕೋಣೆ ನಾನು ನೋಡಿಲ್ವಾ, ಅಲ್ಲಿ ಬರೀ ಈರುಳ್ಳಿ" ಅಂದಳು. ಗುಬ್ಬಜ್ಜಿ ಮಾತ್ರ ಸುಮ್ಮನೆ ಹನಿ ಹನಿಗೂ ಬಗ್ಗುತ್ತಿದ್ದಳು. ಇದ್ದಕ್ಕಿದ್ದಂತೆ, "ತಾಯೀ, ಈಗ ಬೇರೆ ಆಯ್ತು. ಇಲ್ಲಿವರೆಗೂ ಕೊಯ್ಯುವಾಗ ಕೈಗೆ ಅಂಟುತ್ತಲ್ಲ, ಅದಿತ್ತು. ಈಗ ಬೇಯಿಸಿದ ಸೊಪ್ಪು" ಅಂದಳು. ಗುಂಡಿ ಒತ್ತಿ ನಿಲ್ಲಿಸಿದೆ.

ಯಜಮಾನರು ಕೊನೆಯಲ್ಲಿ ಮೂಸಿದರು. ಬಹಳ ಹೊತ್ತು ಮೂಸಿದರು. "ಇದು ನಾನು ಇಷ್ಟು ವರ್ಷ ಮಾರಿದ ಮರುಗ ಅಲ್ಲ. ಅದಕ್ಕಿಂತ ಹಸಿ. ಕೊಳ್ಳೋರು ಏನಂತಾರೋ ಗೊತ್ತಿಲ್ಲ" ಅಂದರು. ಆಮೇಲೆ, "ಒಂದು ಕೊಯ್ಲಿನದು ತಗೋತೀನಿ. ಇನ್ನು ಮೇಲೆ ಸೀಸೆ ಜೊತೆ ನಿಮ್ಮ ಹೆಸರಿನ ಚೀಟಿ ಬೇಡ. ಯಾರು ಮೂಸಿದ್ರೋ ಅವರ ಹೆಸರು ಬರೆದು ಕಳಿಸಿ" ಅಂದರು. ಕುರ್ಚಿ ಮಡಚಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ನಿಮ್ಮ ತಂಗಿಗೆ ಹೇಳಿ, ಸುಳ್ಳು ಹೇಳೋಕೆ ಬಂದಾಗ ಅಷ್ಟು ಕೈ ಹಿಸುಕಬಾರದು. ಮಾರ್ಚಿನಲ್ಲೇ ಗೊತ್ತಾಗಿತ್ತು" ಅಂದರು. ಹೇಳಿದ್ದೇನೆ.

ಈ ವರ್ಷ ಮರ ಕಡಿಯುವುದಿಲ್ಲ. ಬರುವ ವರ್ಷದ ಮಾತು ಯಾರಿಗೆ ಗೊತ್ತು. ನಿನಗೆ ಸಂತೋಷವಾಗುತ್ತದೆ, ನನಗೂ ಆಗಿದೆ. ದುಃಖವೂ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಜಾಗದಲ್ಲಿ ಗುಬ್ಬಜ್ಜಿ ಬಗ್ಗಿ ನಿಂತದ್ದನ್ನು ನೋಡುವಾಗ ಹೊಟ್ಟೆಕಿಚ್ಚಾಯಿತು. ಅವಳ ಹೆಸರನ್ನು ಚೀಟಿಯ ಮೇಲೆ ಬರೆಯಲು ಮನಸ್ಸು ಅಷ್ಟಾಗಿ ಒಪ್ಪಲಿಲ್ಲ. ಆದರೂ ಅಕ್ಷರ ಚೆನ್ನಾಗಿಯೇ ಬಂತು.

ಎಲ್ಲರೂ ಹೋದ ಮೇಲೆ ಹೊಲದ ಬದುವಿನ ಮೇಲೆ ಹೋಗಿ ಕುಳಿತೆ. ಗುಬ್ಬಜ್ಜಿ ಬಂದು ಪಕ್ಕದಲ್ಲಿ ಕುಳಿತಳು. ಸಮಾಧಾನ ಹೇಳುತ್ತಾಳೇನೋ, ಹೇಳಿದರೆ ಎದ್ದು ಹೋಗುತ್ತೇನೆ ಅಂದುಕೊಂಡೆ. ಅವಳು ಹೇಳಲಿಲ್ಲ. ಸ್ವಲ್ಪ ಹೊತ್ತು ಗಾಳಿಗೆ ಮುಖ ಒಡ್ಡಿದ್ದು, ಕೇಳದೆಯೇ ಶುರು ಮಾಡಿದಳು. "ಈಗ ಮಣ್ಣು, ತಾಯೀ. ಮೇಲೆಲ್ಲೋ ಮಳೆ ಆಗಿದೆ. ಈಗ ಯಾರೋ ಸೋಪು ಹಾಕಿ ಬಟ್ಟೆ ಒಗೀತಿದಾರೆ. ಈಗ ಮರುಗ ಬಂತು, ಕೊಯ್ದ ಕಡೆಯಿಂದ. ಹೋಯ್ತು. ತಡೀರಿ, ಮತ್ತೆ ಬರ್ತಾ ಇದೆ." ನಾನು ಕಣ್ಣು ಮುಚ್ಚಿ ಕೇಳುತ್ತ ಕುಳಿತೆ. ಬೆಳಕು ಹೋಗುವವರೆಗೂ ಅವಳು ಹೇಳುತ್ತಲೇ ಇದ್ದಳು.

ಅಕ್ಕ